ಒಲೆಗೆ ಹೋಗುವ ಮುನ್ನ ಒಮ್ಮೆ ಕೊಯ್ದು ನೋಡಿ

ಬಿರುಗಾಳಿಗೆ ಉರುಳಿದ ಹುಣಸೆಮರ ಹೊಲದ ಅಂಚಿನಲ್ಲಿ ಎರಡು ಮಳೆಗಾಲ ಹಾಗೇ ಬಿದ್ದಿತೆಂದರೆ ಅದರ ಹಣೆಬರಹ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬಡಿಗೇರರು ಬಂದು ಕೊಡಲಿಯ ಹಿಂಬದಿಯಿಂದ ಬಡಿದು ನೋಡುತ್ತಾರೆ. ಗಟ್ಟಿ ಸದ್ದು ಬರಲಿಲ್ಲವೆಂದರೆ ‘ಕೆಟ್ಟದರೀ, ಒಲಿಗೆ ಹಾಕ್ರಿ’ ಎಂದು ತಿರುಗಿ ಹೋಗುತ್ತಾರೆ. ಕೊಹಿನೂರ ಹೋಬಳಿಯ ಯಾವುದೇ ಹಳ್ಳಿಯ ಹಿತ್ತಲಲ್ಲಿ ಒಟ್ಟಿದ ಕಟ್ಟಿಗೆಯನ್ನು ನೋಡಿ. ತೊಗಟೆ ಕಳಚಿ ಬೂದುಬಣ್ಣಕ್ಕೆ ತಿರುಗಿದ, ಅಂಚಿನಲ್ಲಿ ಗಟ್ಟಿ ಅಣಬೆ ಮೂಡಿದ ತುಂಡು ಒಂದಾದರೂ ಸಿಗುತ್ತದೆ.

ಅಂಥ ತುಂಡನ್ನೇ ಹುಡುಕಿಕೊಂಡು ಅಲೆಯುವ ಜನರಿದ್ದಾರೆ. ಹವ್ಯಾಸಕ್ಕೆಂದು ಮನೆಯಲ್ಲಿ ಚಿಕ್ಕ ಲೇತ್ ಇಟ್ಟುಕೊಂಡು ಬಟ್ಟಲು, ಭರಣಿ, ಪೆನ್ನು, ಬುಗುರಿ ಕಡೆಯುವವರು ಇವರು. ಅಮೆರಿಕದಲ್ಲಿ ಇಂಥವರ ರಾಷ್ಟ್ರಮಟ್ಟದ ಸಂಘವೊಂದು 1986ರಿಂದ ನಡೆಯುತ್ತಿದೆ. ನಮ್ಮ ಬೆಂಗಳೂರಿನಲ್ಲೂ ಕಚೇರಿ ಕೆಲಸ ಮುಗಿಸಿ ಬಂದು ಉಳಿ ಹಿಡಿಯುವವರು ಈಚೆಗೆ ಹೆಚ್ಚುತ್ತಿದ್ದಾರೆ. ಶಿಲೀಂಧ್ರ ಹೊಕ್ಕು ಬಣ್ಣಗಟ್ಟಿದ ಮರವನ್ನು ಇವರು ‘ಸ್ಪಾಲ್ಟೆಡ್’ ಎನ್ನುತ್ತಾರೆ. ತೇಗಕ್ಕಿಂತ ಹೆಚ್ಚು ಆಸೆಪಟ್ಟು ಅದನ್ನು ಕೊಳ್ಳುತ್ತಾರೆ. ಆಗ್ನೇಯ ಏಷ್ಯಾದ ಹುಣಸೆ ಕಟ್ಟಿಗೆ, ತಿಳಿಹಳದಿ ಮೈಮೇಲೆ ಕಪ್ಪು ಗೆರೆ ಮೂಡಿದ್ದು, ಬಟ್ಟಲಿಗೂ ಚಾಕುವಿನ ಹಿಡಿಕೆಗೂ ಆಗುವ ತುಂಡುಗಳಾಗಿ ಹೊರದೇಶಗಳಲ್ಲಿ ಮಾರಾಟವಾಗುತ್ತದೆ. ಅದೇ ಹುಣಸೆ ನಮ್ಮ ಹೊಲಗಳಲ್ಲೂ ನಿಂತಿದೆ, ಬೀಳುತ್ತಿದೆ, ಸುಟ್ಟು ಬೂದಿಯಾಗುತ್ತಿದೆ.

ಬಡಿಗೇರರ ತೀರ್ಪು ಅವರ ಕೆಲಸದ ಮಟ್ಟಿಗೆ ಸರಿಯಾದದ್ದೇ. ಬಾಗಿಲ ಚೌಕಟ್ಟಿಗೆ, ಹೊರಸಿನ ಕಾಲಿಗೆ, ನೇಗಿಲಿಗೆ ಶಿಲೀಂಧ್ರ ತಾಕಿದ ಕಟ್ಟಿಗೆ ಸಲ್ಲದು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಎಳೆಯುವಂಥ ತೇರಿನ ಅಚ್ಚಿಗಂತೂ ಅದನ್ನು ಯಾರೂ ಹತ್ತಿರ ಸುಳಿಯಗೊಡುವುದಿಲ್ಲ. ಭಾರ ಹೊರುವ ಯಾವ ಕೆಲಸಕ್ಕೂ ಅದು ಬೇಡ. ಆದರೆ ಭಾರ ಹೊರಬೇಕಿಲ್ಲದ, ಕೈಯಲ್ಲಿ ಹಿಡಿದು ನೋಡುವ ವಸ್ತುವಿಗೆ ಅಳತೆಗೋಲೇ ಬೇರೆ. ಗಟ್ಟಿ ಮರಕ್ಕೂ ಒಲೆಯ ಕಟ್ಟಿಗೆಗೂ ನಡುವೆ ಇನ್ನೊಂದು ಹಂತವಿದೆ. ಅದನ್ನು ಗುರುತಿಸುವುದು ಒಂದು ಕಸುಬುದಾರಿಕೆ, ಅದು ನಮ್ಮವರಿಗೂ ದಕ್ಕಬೇಕು ಎಂಬುದೇ ನಾನಿಲ್ಲಿ ಹೇಳಹೊರಟಿರುವ ಮಾತು.

ಮರದೊಳಗೆ ನಡೆಯುವುದೇನು? ಕಟ್ಟಿಗೆಯಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಎಂಬ ನಾರು, ಅದರ ಜೊತೆಗಾರ ಹೆಮಿಸೆಲ್ಯುಲೋಸ್, ಇವೆರಡನ್ನೂ ಬಿಗಿದಿಡುವ ಲಿಗ್ನಿನ್ ಎಂಬ ಅಂಟಿನಂಥ ವಸ್ತು ಇರುತ್ತವೆ. ಮರ ಸತ್ತು ತೇವ ಹಿಡಿದಾಗ ಶಿಲೀಂಧ್ರದ ನೂಲಿಗಿಂತ ತೆಳುವಾದ ಎಳೆಗಳು ಒಳಗೆ ಹರಡಿಕೊಳ್ಳುತ್ತವೆ. ಕೆಲವು ಶಿಲೀಂಧ್ರಗಳು ನಾರನ್ನು ತಿಂದು ಕಂದು ಲಿಗ್ನಿನ್ನನ್ನು ಉಳಿಸುತ್ತವೆ. ಅಂಥ ಕಟ್ಟಿಗೆ ಕಂದಾಗಿ, ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅದು ನಿಜಕ್ಕೂ ಒಲೆಯ ಪಾಲು. ಯಾವ ಲೇತಿನ ಮೇಲೂ ಅದು ನಿಲ್ಲುವುದಿಲ್ಲ. ಇನ್ನು ಕೆಲವು ಲಿಗ್ನಿನ್ನನ್ನು ಕರಗಿಸುತ್ತವೆ. ಆಗ ಕಟ್ಟಿಗೆ ಬಿಳಿಚಿಕೊಳ್ಳುತ್ತದೆ. ಬಣ್ಣಬಣ್ಣದ ಪಟ್ಟೆಗಳುಳ್ಳ ತೆಳು ಅಣಬೆಯಾಗಿ ಕೊರಡಿನ ಮೇಲೆ ಮೂಡುವ ಟ್ರಾಮೆಟೀಸ್ ವರ್ಸಿಕಲರ್ ಈ ಜಾತಿಯದು. ಮರ ಕಡೆಯುವವರಿಗೆ ಬೇಕಾದದ್ದು ಈ ಬಿಳಿಚು, ಅದೂ ಬೇಗನೆ ತಡೆದು ನಿಲ್ಲಿಸಿದ್ದು.

ಕಪ್ಪು ಗೆರೆಗಳ ಕತೆ ಇನ್ನೂ ಸೊಗಸು. ಒಂದೇ ಕೊರಡಿನೊಳಗೆ ಎರಡು ಶಿಲೀಂಧ್ರಗಳು ಎರಡು ಕಡೆಯಿಂದ ಬಂದು ಎದುರಾದರೆ ಒಂದು ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಕ್ಕಪಕ್ಕದ ಹೊಲದವರು ಬದು ಹಾಕಿಕೊಂಡಂತೆ ಪ್ರತಿಯೊಂದೂ ತನ್ನ ಎಲ್ಲೆಯಲ್ಲಿ ಗಟ್ಟಿಯಾದ ಕಪ್ಪು ತಡೆ ಕಟ್ಟುತ್ತದೆ. ಆ ಕಪ್ಪು ಮೆಲನಿನ್‌ನಿಂದ ಬಂದದ್ದು. ನಮ್ಮ ಕೂದಲನ್ನೂ ಚರ್ಮವನ್ನೂ ಕಪ್ಪಾಗಿಸುವ ಬಣ್ಣದ ಬಳಗವೇ ಅದು. ಎದುರಾದ ಎರಡೂ ಬೇರೆ ಬೇರೆ ಜಾತಿಯವಾಗಿರಬೇಕೆಂದೇನೂ ಇಲ್ಲ. ಒಂದೇ ಜಾತಿಯ ಎರಡು ಪ್ರತ್ಯೇಕ ಶಿಲೀಂಧ್ರಗಳು ಸಂಧಿಸಿದರೂ ಗೆರೆ ಬೀಳುತ್ತದೆ. ಕ್ಸೈಲೇರಿಯಾ ಎಂಬ ಕುಲದವು ಎದುರಾಳಿಯೇ ಇಲ್ಲದಿದ್ದರೂ, ತಮ್ಮ ತೇವವನ್ನು ಕಾಪಾಡಿಕೊಳ್ಳಲು ಸುತ್ತ ಕಪ್ಪು ಗೋಡೆ ಎಬ್ಬಿಸುತ್ತವೆ. ನೆಲದಿಂದ ಎದ್ದ ಕರಿ ಬೆರಳುಗಳ ಹಾಗೆ ಕಾಣುವ ಈ ಕುಲದ ಅಣಬೆಗಳು ಕೊಳೆತ ಬೊಡ್ಡೆಗಳ ಮೇಲೂ ಪಾಳುಬಿದ್ದ ಹುತ್ತಗಳ ಮೇಲೂ ಬೆಳೆಯುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೊಯ್ದಾಗ ನಮಗೆ ಕಾಣುವುದು ಗೆರೆ. ಮರದೊಳಗೆ ಇರುವುದು ಗೆರೆಯಲ್ಲ, ತೆಳು ಹಾಳೆ. ಬಾಗುತ್ತ, ಮಡಿಚಿಕೊಳ್ಳುತ್ತ, ಒಂದರೊಳಗೊಂದು ಗೂಡಿನಂತೆ ಸುತ್ತಿಕೊಳ್ಳುತ್ತ ಹೋಗುವ ಕಪ್ಪು ಹಾಳೆಗಳು. ಹಲಗೆಯಾಗಿ ಸೀಳಿದರೆ ಆ ಹಾಳೆಯ ಒಂದೇ ಅಂಚು ಕಾಣುತ್ತದೆ. ಲೇತಿನ ಮೇಲಿಟ್ಟು ಬಟ್ಟಲು ಕಡೆದರೆ, ಉಳಿ ಇಳಿದಂತೆಲ್ಲ ಒಂದೇ ಹಾಳೆ ಬಟ್ಟಲಿನ ಹೊರಮೈಯಲ್ಲಿ ಒಂದು ರೂಪ, ಒಳಮೈಯಲ್ಲಿ ಇನ್ನೊಂದು ರೂಪ ತಾಳುತ್ತದೆ. ತಳಕ್ಕೆ ಬರುವಷ್ಟರಲ್ಲಿ ಸುತ್ತಿ ಉಂಗುರವೂ ಆಗಿರಬಹುದು. ಕುರ್ಚಿ ಮೇಜು ಮಾಡುವವರಿಗಿಂತ ಮರ ಕಡೆಯುವವರು ಈ ಕಟ್ಟಿಗೆಗೆ ಮರುಳಾಗಿರುವುದು ಇದಕ್ಕೇ. ಒಳಗೆ ಏನಿದೆ ಎಂಬುದು ಕಡೆಯುವವರೆಗೆ ಯಾರಿಗೂ ಕಾಣದು, ಕಡೆದ ಮೇಲೆ ಇನ್ನೊಂದು ತುಂಡಿನಲ್ಲಿ ಅದನ್ನೇ ತರುವುದೂ ಸಾಧ್ಯವಿಲ್ಲ. ದಿನಕ್ಕೆ ಇಷ್ಟು ಲಟ್ಟಣಿಗೆ ಎಂದು ಒಪ್ಪಿಕೊಂಡ ಕಸುಬುದಾರರಿಗೆ ಈ ಅನಿಶ್ಚಿತತೆ ನಷ್ಟದ ಬಾಬ್ತು. ಹೊತ್ತಿನ ಲೆಕ್ಕವಿಡದ ಹವ್ಯಾಸಿಗೆ ಅದೇ ಸುಖ.

ಬಿಳಿಚು, ಕಪ್ಪು ಗೆರೆ ಆದ ಮೇಲೆ ಮೂರನೆಯ ಬಗೆ ನೇರ ಬಣ್ಣ. ಕ್ಲೋರೊಸಿಬೋರಿಯಾ ಎಂಬ ಪುಟ್ಟ ಶಿಲೀಂಧ್ರ ಕ್ಸೈಲಿಂಡೀನ್ ಎಂಬ ಬಣ್ಣವನ್ನು ಮರದೊಳಗೆ ಬಿಡುತ್ತದೆ. ಕಟ್ಟಿಗೆಗೆ ಹಸಿರು ಬೆರೆತ ನೀಲಿ ಬರುತ್ತದೆ. ಇಟಲಿಯಲ್ಲಿ 15ನೇ ಶತಮಾನದಲ್ಲೇ ಮರದ ಚೂರುಗಳನ್ನು ಕೂಡಿಸಿ ಚಿತ್ರ ಬಿಡಿಸುವ ಕುಶಲಕರ್ಮಿಗಳು ಹಸಿರು ಬೇಕಾದಲ್ಲಿ ಈ ಕಟ್ಟಿಗೆಯನ್ನು ಬಳಸುತ್ತಿದ್ದರು. ಗುಬ್ಬಿಯೊ ಎಂಬ ಊರಿನ ಅರಮನೆಯಲ್ಲಿ ದೊರೆ ಫೆಡೆರಿಗೊ ಡ ಮಾಂಟೆಫೆಲ್ಟ್ರೊಗಾಗಿ ಸುಮಾರು 1478ರಿಂದ 1482ರ ನಡುವೆ ಕಟ್ಟಿದ ಓದುಕೋಣೆಯ ಗೋಡೆಗಳು ಇಂಥ ಕೆಲಸದವು. ಆ ಕೋಣೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. 15ನೇ ಶತಮಾನದ ಇಂಥ ಕಲಾಕೃತಿಗಳಲ್ಲಿನ ಹಸಿರು ಬಳಿದ ಬಣ್ಣವಲ್ಲ, ಶಿಲೀಂಧ್ರದ್ದು ಎಂದು ರಾಬರ್ಟ್ ಬ್ಲಾಂಚೆಟ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿಕೊಟ್ಟರು. ಐನೂರು ವರ್ಷ ಕಳೆದರೂ ಅದನ್ನು ಗುರುತಿಸಲು ಸಾಧ್ಯವಾಗಿದೆ! ಕೆಂಪಿಗೆ ಸೈಟಾಲಿಡಿಯಂ ಕ್ಯೂಬಾಯ್ಡಿಯಂ ಎಂಬ ಇನ್ನೊಂದು ಶಿಲೀಂಧ್ರವಿದೆ, ಹಳದಿಗೆ ಅದರದೇ ಕುಲದ ಮತ್ತೊಂದು.

ಕೊಳೆತದ್ದೆಂದು ಎಸೆಯುತ್ತಿದ್ದ ಕಟ್ಟಿಗೆಯನ್ನು ಲೇತಿನ ಮೇಲೆ ಕಲೆಯಾಗಿಸಿದ ಹೆಸರು ಅಮೆರಿಕದ ಮೆಲ್ವಿನ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಮಗ ಮಾರ್ಕ್ ಲಿಂಡ್‌ಕ್ವಿಸ್ಟ್ ಅವರದು. 1970ರ ದಶಕದಲ್ಲಿ ಇವರಿಬ್ಬರು ಕಡೆದ ಮೇಪಲ್ ಮರದ ಪಾತ್ರೆಗಳನ್ನು ಕಂಡ ಮೇಲೆ ಹವ್ಯಾಸಿಗಳ ದೃಷ್ಟಿ ಬದಲಾಯಿತು. ಈಗ ಈ ವಿದ್ಯೆಯನ್ನು ವಿಜ್ಞಾನವಾಗಿ ಬೆಳೆಸಿರುವವರು ಓರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಸೆರಿ ರಾಬಿನ್ಸನ್. ಅವರು ಸ್ವತಃ ಮರ ಕಡೆಯುವವರು. ಯಾವ ಮರಕ್ಕೆ ಯಾವ ಶಿಲೀಂಧ್ರ, ಎಷ್ಟು ತೇವ, ಎಷ್ಟು ವಾರ ಎಂದು ಲೆಕ್ಕ ಹಾಕಿ, ಆಕಸ್ಮಿಕಕ್ಕೆ ಬಿಟ್ಟಿದ್ದ ಕೆಲಸವನ್ನು ಬೇಕೆಂದಾಗ ಮಾಡುವಂತೆ ಮಾಡಿದ್ದು ಅವರ ತಂಡ. ಅಷ್ಟಕ್ಕೇ ನಿಲ್ಲಲಿಲ್ಲ. ಪೆರು ದೇಶದ ಅಮೆಜಾನ್ ಕಾಡಿನಲ್ಲಿ ಬೆಲೆಯಿಲ್ಲದ ಮರಗಳಿಗೆ ಅಲ್ಲಿಯದೇ ಶಿಲೀಂಧ್ರಗಳಿಂದ ಬಣ್ಣ ಕಟ್ಟಿಸಿ ಬೆಲೆ ಹೆಚ್ಚಿಸಬಹುದೇ ಎಂದೂ ಅಧ್ಯಯನ ಮಾಡಿದರು. ಕೊಹಿನೂರಿನಂಥ ಊರಿನಲ್ಲಿ ನಿಂತು ಓದುವವರಿಗೆ ಇಟಲಿಯ ಅರಮನೆಗಿಂತ ಈ ಪೆರುವಿನ ಕೆಲಸವೇ ಹೆಚ್ಚು ಹತ್ತಿರದ್ದು.

ನಮ್ಮ ರಾಜ್ಯದಲ್ಲಿ ಮರ ಕಡೆಯುವ ಕಲೆ ಎಂದೊಡನೆ ಚನ್ನಪಟ್ಟಣದ ಹೆಸರು ಬರುತ್ತದೆ. ಅಲ್ಲಿಯ ದಾರಿ ಇದಕ್ಕೆ ತೀರ ಬೇರೆ. ಗೊಂಬೆಗೆ ಬಳಸುವ ಆಲೆಮರ ದಂತದಷ್ಟು ಬೆಳ್ಳಗಿರಬೇಕು. ಶಿಲೀಂಧ್ರ ತಾಕಿ ನೀಲಿ ಕಲೆ ಬಿದ್ದರೆ ಅದು ದೋಷ. ಬಣ್ಣ ಬರುವುದು ಹೊರಗಿನಿಂದ: ತಿರುಗುತ್ತಿರುವ ಗೊಂಬೆಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಆಮೇಲೆ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಈ ಅರಗಿನ ವಿದ್ಯೆ ಮಾತ್ರ ಶಿಲೀಂಧ್ರದ ಕಟ್ಟಿಗೆಗೂ ಚೆನ್ನಾಗಿ ಒಪ್ಪುತ್ತದೆ. ಬಣ್ಣ ಬೆರೆಸದ ಅರಗನ್ನು ಹಾಗೇ ಹತ್ತಿಸಿದರೆ ಗೆರೆಗಳು ಒಳಗಿನಿಂದ ಎದ್ದು ಕಾಣುತ್ತವೆ, ತೇವವೂ ಸುಲಭವಾಗಿ ಒಳಹೋಗುವುದಿಲ್ಲ.

ಬೀದರ ಜಿಲ್ಲೆಯವರಿಗೆ ಕಪ್ಪಿನ ಚೆಲುವನ್ನು ಹೊಸದಾಗಿ ಹೇಳಿಕೊಡಬೇಕಾಗಿಯೂ ಇಲ್ಲ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಕಡೆದು ನುಣುಪು ಮಾಡಿ, ಬೆಳ್ಳಿ ಕೂರಿಸಿದ ಮೇಲೆ ಬಿದರಿಯ ಕುಶಲಕರ್ಮಿ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಕೊಟ್ಟ ಕಪ್ಪನ್ನು ಜಗತ್ತಿಗೆ ಮಾರಿದ ಜಿಲ್ಲೆ ಇದು. ಮರಗೆಲಸಕ್ಕೂ ಇಲ್ಲಿ ಹಿರಿಮೆ ಇದೆ. 12ನೇ ಶತಮಾನದ ಕಲ್ಯಾಣದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬ ಬಡಗಿ ಇದ್ದರು; ಅವರೂ ಅವರ ಮಡದಿ ಕಾಳವ್ವೆಯೂ ವಚನಕಾರರು. ಬಾಚಿ ಹಿಡಿದ ಕೈಗೆ ಗೌರವ ಕೊಟ್ಟ ನೆಲದಲ್ಲಿ ಇಂದು ಬಡಿಗೇರರ ಮಕ್ಕಳು ಆ ಕೆಲಸ ಬಿಟ್ಟು ಪುಣೆ, ಹೈದರಾಬಾದಿನ ಬಸ್ಸು ಹತ್ತುತ್ತಿದ್ದಾರೆ. ಕಬ್ಬಿಣದ ಬಾಗಿಲು, ಪ್ಲಾಸ್ಟಿಕ್ ಕುರ್ಚಿ, ಟ್ರ್ಯಾಕ್ಟರಿನ ನೇಗಿಲು ಬಂದ ಮೇಲೆ ಊರಿನಲ್ಲಿ ಅವರಿಗೆ ಉಳಿದಿರುವ ಕೆಲಸ ಕಡಿಮೆ. ಶಿಲೀಂಧ್ರದ ಕಟ್ಟಿಗೆ ಅವರ ಬಾಳನ್ನು ಬದಲಿಸಿಬಿಡುತ್ತದೆ ಎಂದು ನಾನು ಹೇಳಲಾರೆ. ಆದರೆ ಹೂಡಿಕೆಯಿಲ್ಲದೆ ಸಿಗುವ ಕಚ್ಚಾ ಸರಕು, ಕೈಯಲ್ಲಿ ಈಗಾಗಲೇ ಇರುವ ವಿದ್ಯೆ, ದುಡ್ಡು ಕೊಟ್ಟು ಕೊಳ್ಳುವ ನಗರದ ಗಿರಾಕಿ, ಈ ಮೂರೂ ಇದ್ದೂ ಒಂದಕ್ಕೊಂದು ಭೇಟಿಯಾಗದಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಮರಗಳ ಮಾತಿಗೆ ಬರೋಣ. ಹುಣಸೆಯ ಒಳಗಿನ ಚೇಗು ಚಿಕ್ಕದು, ಕಡುಗಂದು, ಕಲ್ಲಿನಷ್ಟು ಗಟ್ಟಿ. ಗಾಣ, ಒನಕೆ, ಕೊಡತಿಗೆ ಹಿಂದಿನವರು ಆರಿಸುತ್ತಿದ್ದದ್ದು ಇದನ್ನು. ಅದರ ಸುತ್ತಲಿನ ತಿಳಿಹಳದಿ ಭಾಗವೇ ದಪ್ಪ, ಶಿಲೀಂಧ್ರಕ್ಕೆ ಒಲಿಯುವುದೂ ಅದೇ, ಗೆರೆ ಎದ್ದು ಕಾಣುವುದೂ ಅಲ್ಲೇ. ಮಾವು ಇನ್ನೂ ಬೇಗ ಬಣ್ಣಗಟ್ಟುತ್ತದೆ. ಪೆಟ್ಟಿಗೆ ಹೊಡೆಯಲು, ಅಗ್ಗದ ಹಲಗೆಗೆ ಹೋಗುವ ಮಾವಿನ ಕೊರಡಿನಲ್ಲಿ ಬೂದು, ಕಂದು, ಕಪ್ಪು ಮೂರೂ ಒಟ್ಟಿಗೆ ಸಿಗುವುದುಂಟು. ತೇಗದ ಚೇಗಿನಲ್ಲಿ ಶಿಲೀಂಧ್ರವನ್ನು ದೂರವಿಡುವ ಸತ್ವಗಳಿರುವುದರಿಂದ ಅದನ್ನು ನೆಚ್ಚಿ ಕೂತರೆ ಫಲವಿಲ್ಲ.

ಬೇಕೆಂದೇ ಬಣ್ಣ ಕಟ್ಟಿಸುವುದಾದರೆ ಕಾಲ ನೋಡಬೇಕು. ಕಟ್ಟಿಗೆಯಲ್ಲಿ ಶೇ 20ಕ್ಕಿಂತ ಕಡಿಮೆ ತೇವವಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ನೀರಲ್ಲಿ ಮುಳುಗಿದರೂ ಬೆಳೆಯುವುದಿಲ್ಲ, ಅದಕ್ಕೆ ಗಾಳಿ ಬೇಕು. ನಮ್ಮ ಬೇಸಗೆಯ ಬಿಸಿಲು ಕೊರಡನ್ನು ಬೇಗ ಒಣಗಿಸಿಬಿಡುತ್ತದೆ; ಹೀಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ದಿನಗಳೇ ಇದಕ್ಕೆ ಹದ. ತಂಪು ದೇಶದವರು ತುಂಡನ್ನು ನೆಲದ ಮೇಲೆ ನಿಲ್ಲಿಸಿ ಎಲೆ ಮುಚ್ಚಿ ಬಿಡುತ್ತಾರೆ. ಇಲ್ಲಿ ಹಾಗೆ ಬಿಟ್ಟರೆ ಶಿಲೀಂಧ್ರಕ್ಕಿಂತ ಮೊದಲು ಒರಲೆ ಬರುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಡಬ್ಬಿ ಅಥವಾ ಹಳೆಯ ಡ್ರಮ್ಮಿನಲ್ಲಿ ಹಿಂಡಿದರೆ ನೀರು ಒಸರದಷ್ಟು ತೇವದ ಮರಳು ಹಾಕಿ, ಹೊಸದಾಗಿ ಕೊಯ್ದ ಹುಣಸೆ ಅಥವಾ ಮಾವಿನ ತುಂಡಿನ ಜೊತೆ ಈಗಾಗಲೇ ಗೆರೆ ಬಿದ್ದ ಕಟ್ಟಿಗೆಯ ಚೂರನ್ನು ತಾಕಿಸಿಟ್ಟು, ಗಾಳಿಯಾಡುವಂತೆ ಗೋಣಿ ಮುಚ್ಚಿ ನೆರಳಲ್ಲಿ ಇಡುವುದು ಮೇಲು. ಹದವಾದ ಪ್ರಯೋಗಾಲಯದಲ್ಲೇ ಗೆರೆ ಬೀಳಲು ಎರಡು ತಿಂಗಳ ಆಸುಪಾಸು ಹಿಡಿಯುತ್ತದೆ. ಹಿತ್ತಲಲ್ಲಿ ಅದಕ್ಕಿಂತ ತಡವಾದೀತು. ನಡುನಡುವೆ ಒಂದು ತುಂಡನ್ನು ಕೊಯ್ದು ನೋಡುತ್ತಿರಬೇಕು.

ನಿಲ್ಲಿಸುವ ಹೊತ್ತು ತಿಳಿಯುವುದೇ ಇಡೀ ವಿದ್ಯೆಯ ಜೀವ. ಕೊಯ್ದ ಮೈಗೆ ಹೆಬ್ಬೆರಳ ಉಗುರು ಒತ್ತಿ: ಉಗುರು ಸಲೀಸಾಗಿ ಇಳಿದರೆ ಕಟ್ಟಿಗೆ ಹದ ಮೀರಿತು. ಗುರುತಷ್ಟೇ ಮೂಡಿದರೆ ಕೆಲಸಕ್ಕೆ ಬರುತ್ತದೆ. ಆಗ ತುಂಡನ್ನು ಹೊರತೆಗೆದು, ಎರಡೂ ತುದಿಗೆ ಮೇಣ ಹಚ್ಚಿ, ನೆಲಕ್ಕೆ ತಾಗದಂತೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಒಣಗಿದ ಕಟ್ಟಿಗೆಯಲ್ಲಿ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ, ಆದರೆ ಮತ್ತೆ ನೆನೆದರೆ ಕೊಳೆತ ಮತ್ತೆ ಶುರುವಾಗುತ್ತದೆ. ನೀರು ತುಂಬಿಡುವ ಪಾತ್ರೆಗೆ ಇದು ಸಲ್ಲದು.

ಲೇತಿನ ಮೇಲೆ ಇದು ಸುಲಭದ ಕಟ್ಟಿಗೆಯಲ್ಲ. ಕಪ್ಪು ಗೆರೆಯ ಆಚೆ ಗಟ್ಟಿ, ಈಚೆ ಮೆತ್ತಗೆ. ಮೊಂಡು ಉಳಿ ಹಚ್ಚಿದರೆ ಮೆತ್ತನೆಯ ಕಡೆ ನಾರು ಕಿತ್ತು ಬರುತ್ತದೆ. ಆಗಾಗ ಸಾಣೆ ಹಿಡಿದ ಉಳಿ, ತೆಳು ಪದರವಾಗಿ ತೆಗೆಯುವ ತಾಳ್ಮೆ ಬೇಕು. ತೀರ ಮೆತ್ತಗಿನ ಜಾಗಕ್ಕೆ ತೆಳು ಅಂಟು ಇಂಗಿಸಿ ಗಟ್ಟಿ ಮಾಡಿಕೊಂಡು ಮುಂದುವರಿಯುತ್ತಾರೆ. ಬಿರುಕು ಬಿಟ್ಟ ತುಂಡನ್ನು ತಿರುಗಿಸಲೇಬಾರದು, ಅದು ಸಿಡಿದು ಕಣ್ಣಿಗೆ ಬಡಿದೀತು. ಇನ್ನು ಧೂಳಿನ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಯಾವ ಮರದ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇದರಲ್ಲಿ ಶಿಲೀಂಧ್ರದ ಬೀಜಕಣಗಳೂ ಸೇರಿರಬಹುದು. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು, ಎನ್-95 ಮಾಸ್ಕ್ ಬೇಕು, ಕಿಟಕಿ ಬಾಗಿಲು ತೆರೆದಿರಬೇಕು. ಉಬ್ಬಸ ಇದ್ದವರು, ರೋಗನಿರೋಧಕ ಶಕ್ತಿ ಕುಂದಿದವರು ಇದರ ತಂಟೆಗೆ ಹೋಗದಿರುವುದೇ ಕ್ಷೇಮ.

ಕೊಳ್ಳುವವರಿಗೂ ಒಂದು ಮಾತು. ಬಿಳಿ ಕಟ್ಟಿಗೆಗೆ ಬಣ್ಣ ಹಾಕಿ ಶಿಲೀಂಧ್ರದ್ದೆಂದು ದಾಟಿಸುವುದು ಕಷ್ಟವೇನಲ್ಲ. ನಿಜವಾದ ಗೆರೆ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಬಟ್ಟಲಿನ ಹೊರಗಿನ ಗೆರೆ ಅಂಚನ್ನು ದಾಟಿ ಒಳಗೂ ಇಳಿದಿರುತ್ತದೆ. ಅಂಚಿನ ದಪ್ಪದಲ್ಲಿ ಅದನ್ನು ಹುಡುಕಿ.

ಬಣ್ಣದ ಆಸೆಗೆ ಹಸಿರು ಮರಕ್ಕೆ ಕೊಡಲಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮರಗಳೇ ವಿರಳವಾದ ಬಯಲುಸೀಮೆ ಇದು. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನಿಯಮಗಳೂ ಇವೆ. ಬಿದ್ದ ಮರ, ಸತ್ತ ಕೊಂಬೆ, ರಸ್ತೆ ಅಗಲ ಮಾಡುವಾಗ ಉರುಳಿಸಿ ಹರಾಜಾದ ಬೊಡ್ಡೆ, ಇವಿಷ್ಟೇ ಸಾಕು. ಹಾಗೆಯೇ ಕಟ್ಟಿಗೆಯಿಂದಲೇ ಒಲೆ ಹೊತ್ತಿಸುವ ಮನೆಯ ಹೊರೆಯನ್ನು ಕಸಿಯುವುದೂ ಬೇಡ; ಒಂದು ಗೆರೆ ಬಿದ್ದ ತುಂಡಿಗೆ ಬದಲಾಗಿ ಎರಡು ಒಣ ತುಂಡು ಕೊಟ್ಟರೆ ಇಬ್ಬರಿಗೂ ಸಮಾಧಾನ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಕಟ್ಟಿಗೆಯನ್ನು ಶಿಲೀಂಧ್ರದಿಂದ ಕಾಪಾಡುವ ಬಗೆ ಅಲ್ಲಿಯ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಅದೇ ತಿಳಿವಳಿಕೆಯನ್ನು ತಿರುಗಿಸಿ, ಬಯಲುಸೀಮೆಯ ಹುಣಸೆ ಮಾವಿನಲ್ಲಿ ಗೆರೆ ಕಟ್ಟುವ ಶಿಲೀಂಧ್ರಗಳು ಯಾವುವು, ಅವುಗಳಲ್ಲಿ ಅಪಾಯವಿಲ್ಲದವು ಯಾವುವು ಎಂದು ಗುರುತಿಸಿ, ಬೀದರ, ಕಲಬುರಗಿ ಕಡೆಯ ಬಡಿಗೇರರಿಗೆ ನಾಲ್ಕಾರು ದಿನದ ತರಬೇತಿ ಕೊಡಲಿ. ಜಿಲ್ಲೆಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಮಳೆಗಾಲದಲ್ಲಿ ಕೊರಡಿನ ಮೇಲಿನ ಅಣಬೆಗಳನ್ನು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಲಿ. ಬಿದರಿಯ ಹೂಜಿ ಇಡುವ ಅಂಗಡಿಗಳ ಕಪಾಟಿನಲ್ಲಿ ಹುಣಸೆಯ ಬಟ್ಟಲಿಗೂ ಒಂದಿಷ್ಟು ಜಾಗ ಸಿಗಲಿ.

ಓದುಗರು ಈ ಸಲ ಮಳೆ ನಿಂತ ಮೇಲೆ ಹಿತ್ತಲಿನ ಹಳೆಯ ಹುಣಸೆ ಅಥವಾ ಮಾವಿನ ತುಂಡೊಂದನ್ನು ಕಟ್ಟಿಗೆ ಅಡ್ಡೆಗೆ ಒಯ್ದು ಉದ್ದಕ್ಕೆ ಸೀಳಿಸಿ ನೋಡಿ. ಗೆರೆ ಕಂಡರೆ ಒಣಗಿಸಿ, ಲೇತ್ ಇರುವ ಬಡಿಗೇರರ ಹತ್ತಿರ ಕೊಂಡುಹೋಗಿ ಒಂದು ಬಟ್ಟಲು ಕಡೆಸಿ. ಕೂಲಿಯನ್ನು ಮಾತ್ರ ಬಟ್ಟಲಿನ ಲೆಕ್ಕಕ್ಕೆ ಕೊಡದೆ ಹೊತ್ತಿನ ಲೆಕ್ಕಕ್ಕೆ ಕೊಡಿ; ಇಂಥ ಕಟ್ಟಿಗೆ ಕಡೆಯಲು ಹೊತ್ತು ಹೆಚ್ಚು ಹಿಡಿಯುತ್ತದೆ.